ಉಮ್ ಖಲೀಲ್ ಕಲಿಸಿದ ಅರಬ್ಬಿ

ಇದು ನಡೆದು ಎರಡು ವರ್ಷವಾಯಿತು. ಮಕ್ಕಳ ಶಾಲೆ ಮುಗಿದು ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ನಾವಿರುವುದು ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನಲ್ಲಿ. ನನ್ನ ತವರು ಮೈಸೂರು, ನಮ್ಮ ಮನೆಯವರದು ಧಾರವಾಡ. ನಮಗೆ ಅನಿಕಾ ಎಂಬ ಒಬ್ಬಳೇ ಮಗಳು. ಅವಳ ಹಟಕ್ಕೆ ತಂದ ಗುಂಡ ಎಂಬ ನಾಯಿಯೂ ಇದೆ. ನಾನು ಅರಬ್ಬಿ ಕಲಿಯಲು ಈ ಗುಂಡನೇ ಕಾರಣ ಎಂದರೆ ನೀವು ನಂಬಬೇಕು.

ನಮ್ಮ ಹಿತ್ತಲಿಗೆ ಹೊಂದಿಕೊಂಡಿರುವ ಮನೆ ಖಲೀಲ್ ಮತ್ತು ರೀಮ್ ದಂಪತಿಯದು. ಪ್ಯಾಲೆಸ್ತೀನ್ ಮೂಲದವರು. ರೀಮ್ ಶಿಕಾಗೋದಲ್ಲೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಖಲೀಲ್‌ನ ತಾಯಿಯೂ ಅವರ ಜೊತೆಗೇ ಇದ್ದಾರೆ. ಅವರನ್ನು ಎಲ್ಲರೂ ಉಮ್ ಖಲೀಲ್ ಎಂದು ಕರೆಯುತ್ತಾರೆ, ಅಂದರೆ ಖಲೀಲನ ಅಮ್ಮ. ಸ್ವಂತ ಹೆಸರು ಏನೆಂದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ತಲೆಗೆ ಬಿಳಿ ವಸ್ತ್ರ, ಎದೆಯ ಮೇಲೆ ಕೆಂಪು ಕಸೂತಿಯ ಕಪ್ಪು ನಿಲುವಂಗಿ, ಕೈಯಲ್ಲಿ ಊರುಗೋಲು. ಇಂಗ್ಲಿಷ್ ಬರುವುದಿಲ್ಲ. ಹಿತ್ತಲಲ್ಲಿ ಪುದೀನ, ಬೆಂಡೆ, ಬದನೆ ಬೆಳೆಯುತ್ತಾರೆ. ಅವರಿಗೆ ಅದೇ ಪ್ರಪಂಚ.

ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಒಂದು ದಿನ ಗುಂಡ ಕೊರಳಪಟ್ಟಿ ಬಿಡಿಸಿಕೊಂಡು ಅವರ ಪುದೀನ ಪಾತಿಗೆ ನುಗ್ಗಿ ಹೊರಳಾಡಿಬಿಟ್ಟ. ಉಮ್ ಖಲೀಲ್ ಊರುಗೋಲು ಎತ್ತಿ "ಚಲ್ಬ್! ಚಲ್ಬ್!" ಎಂದು ಕೂಗಿದರು. ನಾನು ಮನೆಯಿಂದಲೇ ಕೆಲಸ ಮಾಡುವವಳು. ಮೀಟಿಂಗ್ ಅರ್ಧಕ್ಕೆ ಬಿಟ್ಟು ಓಡಿದೆ. ಏನೋ ಬೈಯುತ್ತಿದ್ದಾರೆ ಅಂದುಕೊಂಡು ಕೈ ಮುಗಿದು ನಿಂತೆ. ಅವರು ಗುಂಡನನ್ನು ತೋರಿಸಿ ಮತ್ತೆ "ಚಲ್ಬ್" ಅಂದರು, ಆಮೇಲೆ ನನ್ನ ಮುಖ ನೋಡಿ ನಕ್ಕುಬಿಟ್ಟರು. ಚಲ್ಬ್ ಅಂದರೆ ನಾಯಿ. ಅದು ನನ್ನ ಮೊದಲ ಅರಬ್ಬಿ ಪದ. ಸಂಜೆ ತಪ್ಪೊಪ್ಪಿಗೆಗೆಂದು ಒಂದು ಡಬ್ಬಿ ಬಿಸಿಬೇಳೆಬಾತ್ ಕೊಟ್ಟು ಬಂದೆ. ಮರುದಿನ ಅದೇ ಡಬ್ಬಿಯಲ್ಲಿ ಬೆಂಡೆಕಾಯಿಯ ಗೊಜ್ಜಿನಂಥ ಒಂದು ಪದಾರ್ಥ ವಾಪಸು ಬಂತು. ಅಲ್ಲಿಂದ ಡಬ್ಬಿ ಒಂದು ದಿನವೂ ಖಾಲಿ ಓಡಾಡಲಿಲ್ಲ.

ಅವರಿಗೆ ಮಾತಾಡಲು ಜನ ಬೇಕಿತ್ತು. ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಒಬ್ಬರೇ. ನನಗೂ ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ ಹಿತ್ತಲಿಗೆ ಹೋಗಿ ನಿಲ್ಲುವುದು ಅಭ್ಯಾಸವಾಯಿತು. ಅವರು ಒಂದೊಂದೇ ವಸ್ತು ಮುಟ್ಟಿ ಹೆಸರು ಹೇಳುವರು, ನಾನು ತಿರುಗಿ ಹೇಳುವೆ. ತಪ್ಪಿದರೆ ಊರುಗೋಲಿನಿಂದ ನೆಲ ತಟ್ಟಿ ಮತ್ತೊಮ್ಮೆ ಹೇಳಿಸುವರು. ಮೀನು 'ಸಮಚ್', ಹುಂಜ 'ದೀಚ್'. ಕಾಫಿಗೆ 'ಕಹ್ವೆ'. ಬೆಳಿಗ್ಗೆ ನೋಡಿದ ಕೂಡಲೇ 'ಚೀಫ್ ಹಾಲಿಚ್?' ಅನ್ನಬೇಕು, ಅಂದರೆ ಹೇಗಿದ್ದೀಯಾ ಅಂತ. ಮಾತಿಗೊಂದು 'ಚ' ಬರುತ್ತಿತ್ತು. ಅರಬ್ಬಿ ಅಂದರೆ ಹೀಗೇ ಇರುತ್ತದೆ ಎಂದುಕೊಂಡೆ. ಪುಸ್ತಕ ನೋಡಿದವಳಲ್ಲ, ಫೋನಿನಲ್ಲಿ ಹುಡುಕಿದವಳೂ ಅಲ್ಲ. ಅವರ ಬಾಯಿಂದ ಬಂದದ್ದೇ ನನಗೆ ಅರಬ್ಬಿ.

ನನ್ನ ಹೆಸರು ಪಲ್ಲವಿ. ಅವರ ಭಾಷೆಯಲ್ಲಿ 'ಪ'ವೂ ಇಲ್ಲ, 'ವ'ದಂತಹ ಶಬ್ದವೂ ಸಲೀಸಾಗಿ ಹೊರಡದು. 'ಬಲ್ಲಫಿ' ಅಂದರು. ಅನಿಕಾ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವರು ಆ ಗೊಡವೆಯೇ ಬೇಡವೆಂದು ನನ್ನನ್ನು 'ಯಮ್ಮಾ' ಎನ್ನತೊಡಗಿದರು. ಅವರ ಊರಿನಲ್ಲಿ ತಾಯಿ ಮಕ್ಕಳನ್ನು ಕರೆಯುವುದೇ ಹಾಗಂತೆ. ಯಮ್ಮಾ ಎಂದರೆ ಅಮ್ಮಾ ಎಂದೇ ಅರ್ಥ. ಇದು ನನಗೆ ಹೊಸದಾಗಿ ಕಾಣಲೇ ಇಲ್ಲ. ನಮ್ಮಪ್ಪ ಕೊನೆಯವರೆಗೂ ನನ್ನನ್ನು 'ಬಾರಮ್ಮಾ, ಕೂತ್ಕೊಳ್ಳಮ್ಮಾ' ಅಂತಲೇ ಕರೆದರು. ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ "ಇದೇನ ಅರಬ್ಬಿ ಹಚ್ಚೀ? ನಮ್ಮ ಕಡೆ ಮಗಳಿಗೆ ಯವ್ವಾ ಅಂತಾರಲ್ಲ, ಅದ ಇದು. ನಿಮ್ಮ ಅರಬ್ಬಿ ಅಜ್ಜಿ ಧಾರವಾಡದಾಕಿನ ಇರಬೇಕು, ಕೇಳ ನೋಡು" ಅಂದರು.

ಹೀಗೆ ಕಲಿತ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು 'ಕಲ್ಬಿ'. ನಾನು ಏನಾದರೂ ಕೊಟ್ಟರೆ, ಅಥವಾ ಅವರ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟರೆ, ಎದೆಯ ಕಸೂತಿಯ ಮೇಲೆ ಅಂಗೈ ಇಟ್ಟು "ಇನ್ತಿ ಕಲ್ಬಿ, ಯಮ್ಮಾ" ಅನ್ನುವರು. ನೀನು ನನ್ನ ಹೃದಯ ಅಂತ. ಇಷ್ಟು ಚೆಂದದ ಮಾತನ್ನು ನಾವು ಯಾರಿಗೂ ಹೇಳುವುದಿಲ್ಲವಲ್ಲ ಅನ್ನಿಸುತ್ತಿತ್ತು.

ಖಲೀಲ್ ಮತ್ತು ರೀಮ್‌ಗೆ ಸಮೀರ್ ಎಂಬ ಮಗ. ಡೆಟ್ರಾಯಿಟ್ ಕಡೆ ಎಂಜಿನಿಯರ್ ಕೆಲಸದಲ್ಲಿದ್ದ. ಅಲ್ಲೇ ಡಿಯರ್‌ಬಾರ್ನಿನ ನೂರ್ ಎಂಬ ಹುಡುಗಿಯನ್ನು ಮೆಚ್ಚಿದ್ದ. ಅವಳದು ಲೆಬನಾನಿನ ಕುಟುಂಬ, ಬೈರೂತ್ ಪಟ್ಟಣದವರು. ಎರಡೂ ಮನೆಯವರು ಮೊದಲು ವಿಡಿಯೋದಲ್ಲಿ ಮಾತಾಡಿದ್ದರು. ಉಮ್ ಖಲೀಲ್ ತಮ್ಮ ಎಂದಿನ ಸಡಗರದಲ್ಲಿ ಹುಡುಗಿಗೆ "ಚೀಫ್ ಹಾಲಿಚ್, ಯಮ್ಮಾ?" ಅಂದರಂತೆ. ಆ ಕಡೆ ಪರದೆಯ ಹಿಂದೆ ಕೂತಿದ್ದ ಯಾರೋ ಹುಡುಗಿಯರು "ಚೀಫ್, ಚೀಫ್" ಎಂದು ಅಣಕಿಸಿ ಕಿಸಕ್ಕೆಂದರು. ನೂರ್ ಅವರನ್ನು ಗದರಿದಳಂತೆ. ಆದರೆ ಅಜ್ಜಿಯ ಕಿವಿಗೆ ಬೀಳುವುದು ಬಿದ್ದಾಗಿತ್ತು.

ಅವತ್ತೇ ನನಗೆ ರೀಮ್ ವಿಷಯ ಬಿಡಿಸಿ ಹೇಳಿದ್ದು. "ಅತ್ತೆ ಮಾತಾಡೋದು ಹಳ್ಳಿ ಅರಬ್ಬಿ. ಪೇಟೆಯೋರು 'ಕ' ಅನ್ನೋ ಕಡೆ ಇವರು 'ಚ' ಅಂತಾರೆ. ಪೇಟೆ ಜನಕ್ಕೆ ಅದು ತಮಾಷೆ. ನಾಟಕಗಳಲ್ಲಿ ಪೆದ್ದ ರೈತನ ಪಾತ್ರಕ್ಕೆ ಇದೇ ಮಾತು ಆಡಿಸ್ತಾರೆ" ಅಂದಳು. ನನಗೆ ಅಷ್ಟೇ ತಿಳಿದದ್ದು. ಇನ್ನೂ ಒಂದು ಅಕ್ಷರದ ಕತೆ ಇದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಣ್ಣು ಕೇಳಲು ಹೋಗುವ ದಿನ ಗೊತ್ತಾಯಿತು. ಅವರಲ್ಲಿ ಗಂಡಿನ ಕಡೆಯ ಹಿರಿಯರು ಹೋಗಿ ನಾಲ್ಕು ಜನರೆದುರು "ನಿಮ್ಮ ಮಗಳನ್ನು ಕೊಡಿ" ಎಂದು ಬಾಯಿಬಿಟ್ಟು ಕೇಳಬೇಕು. ಹೆಣ್ಣಿನ ಮನೆಯವರು ಕಾಫಿ ತಂದಿಡುತ್ತಾರೆ. ಒಪ್ಪಿಗೆ ಸಿಗುವವರೆಗೆ ಬಂದವರು ಆ ಕಾಫಿ ಮುಟ್ಟುವುದಿಲ್ಲ. ಮನೆಯ ಹಿರಿಯಳಾಗಿ ಅಜ್ಜಿಯೇ ಕೇಳಬೇಕು, ತನ್ನನ್ನು ಎತ್ತಿ ಆಡಿಸಿದವಳು ಅವಳೇ ಎಂದು ಸಮೀರ್‌ನ ಆಸೆ. ಉಮ್ ಖಲೀಲ್ ಖಡಾಖಂಡಿತವಾಗಿ ಒಲ್ಲೆನೆಂದರು. "ನನ್ನ ನಾಲಿಗೆ ನಿನ್ನ ಕೆಲಸ ಕೆಡಿಸುತ್ತೆ. ಬರ್ತೀನಿ, ಮೂಲೇಲಿ ಕೂತಿರ್ತೀನಿ. ನಿಮ್ಮಪ್ಪ ಮಾತಾಡಲಿ" ಅಂದರಂತೆ. ಫೋನಿನಲ್ಲಿ ಮೊಮ್ಮಗ ಎಷ್ಟು ಗೋಗರೆದರೂ ಬಗ್ಗಲಿಲ್ಲ.

ಹೊರಡಲು ಒಂದು ವಾರ ಇರುವಾಗ ರೀಮ್ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಖಲೀಲ್ ಕಂಪನಿ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದವರು ಅಲ್ಲಿಂದಲೇ ನೇರವಾಗಿ ಡೆಟ್ರಾಯಿಟ್‌ಗೆ ವಿಮಾನದಲ್ಲಿ ಬರುವವರು. ಅತ್ತೆ ಸೊಸೆಯನ್ನು ಕರೆದುಕೊಂಡು ಹೋಗುವವರು ಯಾರು? ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಅಲ್ಲೇ ಹತ್ತಿರದ ಲಿವೋನಿಯಾದಲ್ಲಿದ್ದಾರೆ. "ನಾನೇ ಡ್ರೈವ್ ಮಾಡ್ತೀನಿ ಬಿಡು. ನಿಮ್ಮನ್ನ ಅಲ್ಲಿ ಬಿಟ್ಟು ನಾನು ಅತ್ತಿಗೆ ಮನೆಗೆ ಹೋಗಿರ್ತೀನಿ" ಅಂದೆ. ನಮ್ಮ ಮನೆಯವರೂ "ಹೋಗಿ ಬಾ, ನಾವಿಬ್ರೂ ಹ್ಯಾಂಗೋ ಮಾಡ್ಕೋತೀವಿ. ಅಕ್ಕಗ ಮೆಂತ್ಯದ ಹಿಟ್ಟು ಒಯ್ಯಿ" ಎಂದು ಕಳಿಸಿಕೊಟ್ಟರು.

ಶನಿವಾರ ಬೆಳಿಗ್ಗೆ ಹೊರಟೆವು. ಐ-ನೈಂಟಿಫೋರ್‌ನಲ್ಲಿ ಯಥಾಪ್ರಕಾರ ರಸ್ತೆ ರಿಪೇರಿ. ಕಿತ್ತಳೆ ಬಣ್ಣದ ಡ್ರಮ್ಮುಗಳ ಮಧ್ಯೆ ತೆವಳಿಕೊಂಡು ಮಿಷಿಗನ್ ಸೇರಿದೆವು. ಅಲ್ಲಿಯ ಕಾಲಮಾನಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಹಿಂದಿನ ಸೀಟಿನಲ್ಲಿ ಉಮ್ ಖಲೀಲ್ ಹೊಸ ಕಸೂತಿಯ ನಿಲುವಂಗಿ ಹಾಕಿಕೊಂಡು, ಮಡಿಲಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಎಂದೂ ಬಾಯಿ ಮುಚ್ಚದವರು ಅವತ್ತು ತುಟಿ ಎರಡು ಮಾಡಲಿಲ್ಲ. ಕಲಮಜೂ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ "ಕಹ್ವೆ, ಖಾಲ್ತಿ?" ಅಂದೆ. ಖಾಲ್ತಿ ಎಂದರೆ ಚಿಕ್ಕಮ್ಮ, ನಾನು ಅವರನ್ನು ಹಾಗೇ ಕರೆಯುವುದು. ಅವರು ಲೋಟ ಹಿಡಿದುಕೊಂಡು ಮೆಲ್ಲಗೆ ಏನೋ ಅಂದರು. ರೀಮ್ ನನಗೆ ಹೇಳಿದಳು, "ಅಲ್ಲಿ ಕಹ್ವೆ ಅನ್ನಬೇಡ, ಬೈರೂತಿನೋರು ಅಹ್ವೆ ಅಂತಾರೆ, ನೆನಪಿಟ್ಕೋ ಅಂತಿದಾರೆ." ಅಜ್ಜಿ ತಮಗೆ ತಾವೇ "ಅಹ್ವೆ, ಅಹ್ವೆ" ಎಂದು ಬಾಯಿಪಾಠ ಮಾಡುತ್ತಿದ್ದರು. ಕೊರಳು ಸಿಕ್ಕಿಹಾಕಿಕೊಂಡವರ ಹಾಗೆ ಕೇಳುತ್ತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಡಿಯರ್‌ಬಾರ್ನಿನ ಮನೆ ಮುಂದೆ ಕಾರು ನಿಲ್ಲಿಸಿ, ಅವರನ್ನು ಇಳಿಸಿ ಹೊರಟುಬಿಡೋಣ ಎಂದುಕೊಂಡಿದ್ದೆ. ಹೆಣ್ಣಿನ ತಾಯಿ ಕೇಳಬೇಕಲ್ಲ. ಕಾರಿನ ಬಾಗಿಲು ಹಿಡಿದು ನಿಂತು "ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದವರು ಬಾಗಿಲಿಂದ ಹೋದರೆ ನಮಗೆ ಅವಮಾನ" ಅಂದರು. ಸರಿ, ಚೂಡಿದಾರದ ಸುಕ್ಕು ಸರಿಮಾಡಿಕೊಂಡು ಒಳಗೆ ಹೋದೆ. ಹಜಾರದ ತುಂಬ ಜನ. ಖಲೀಲ್ ಆಗಲೇ ಬಂದಿದ್ದರು. ಸಮೀರ್ ಸೂಟು ಹಾಕಿಕೊಂಡು ಬೆವರುತ್ತಿದ್ದ. ನಡುವಿನ ಕುರ್ಚಿಯಲ್ಲಿ ನೂರ್‌ಳ ಅಜ್ಜಿ. ಮನೆಮಂದಿ ಅವರನ್ನು ತೇತಾ ಎನ್ನುತ್ತಾರೆ, ಅಂದರೆ ಅಜ್ಜಿ. ಬೆಳ್ಳಿಕೂದಲನ್ನು ಒಪ್ಪವಾಗಿ ಕತ್ತರಿಸಿ ಬಾಚಿದ್ದರು, ಕೊರಳಲ್ಲಿ ಮುತ್ತಿನ ಸರ, ನಡುನಡುವೆ ಫ್ರೆಂಚ್ ಮಾತು. ನೆಟ್ಟಗೆ ಕೂತ ಅವರ ಭಂಗಿ ನೋಡಿಯೇ ನನಗೆ ನಮ್ಮ ಹೈಸ್ಕೂಲಿನ ಹೆಡ್ ಮಿಸ್ ಎದುರು ನಿಂತ ಹಾಗಾಯಿತು.

ಉಮ್ ಖಲೀಲ್ ಹೇಳಿದ್ದಂತೆಯೇ ಮೂಲೆಯ ಸೋಫಾ ಹಿಡಿದರು. ಯಾರು ಏನು ಕೇಳಿದರೂ ತಲೆಯಾಡಿಸಿ ಮುಗುಳುನಗುತ್ತಿದ್ದರು, ಅಷ್ಟೇ. ಕಾಫಿ ಬಂತು. ಎಲ್ಲರ ಮುಂದೆಯೂ ಪುಟ್ಟ ಬಟ್ಟಲುಗಳು. ಯಾರೂ ಮುಟ್ಟಲಿಲ್ಲ. ಖಲೀಲ್ ಗಂಟಲು ಸರಿಮಾಡಿಕೊಂಡು ಮಾತು ಆರಂಭಿಸುವುದರೊಳಗೆ ತೇತಾ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, "ನೀವು ಇಂಡಿಯಾದವರಲ್ಲವೇ? ಅರಬ್ಬಿ ಬರುತ್ತದೆ ಎಂದು ಸಮೀರ್ ಹೇಳಿದ. ಎಲ್ಲಿ, ಸ್ವಲ್ಪ ಮಾತಾಡಿ, ಕೇಳೋಣ."

ಎಲ್ಲರೂ ನನ್ನ ಕಡೆ ನೋಡಿದರು. ಹಿಂಜರಿದರೆ ಉಮ್ ಖಲೀಲ್ ಕಲಿಸಿದ್ದು ವ್ಯರ್ಥವಾದಂತಲ್ಲವೇ? ಎದ್ದು ನಿಂತೆ. ತೇತಾ ಹತ್ತಿರ ಹೋಗಿ "ಚೀಫ್ ಹಾಲಿಚ್, ಖಾಲ್ತಿ?" ಅಂದೆ. ಹುಡುಗಿಯರ ಗುಂಪಿನಲ್ಲಿ ಒಂದು ಸಣ್ಣ ಕಿಸಕ್. ಅದನ್ನು ಕೇಳಿ ನನಗೆ ಇನ್ನಷ್ಟು ಹುರುಪು ಬಂದುಬಿಟ್ಟಿತು. ನನಗೆ ಗೊತ್ತಿದ್ದ ಅತ್ಯಂತ ಚೆಂದದ ಮಾತನ್ನೇ ಹೇಳಿಬಿಡುತ್ತೇನೆ ಎಂದು, ಎದೆಯ ಮೇಲೆ ಅಂಗೈ ಇಟ್ಟು, ಅವರ ಕಣ್ಣಲ್ಲಿ ಕಣ್ಣಿಟ್ಟು ಸ್ಪಷ್ಟವಾಗಿ ಹೇಳಿದೆ: "ಇನ್ತಿ ಕಲ್ಬಿ."

ಹಜಾರ ಸ್ತಬ್ಧವಾಯಿತು. ನೂರ್‌ಳ ತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಸಮೀರ್ ಕಣ್ಣು ಮುಚ್ಚಿಕೊಂಡ. ಯಾರೋ ಗಂಡಸರು ಕೆಮ್ಮಿದರು. ತೇತಾ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಹುಡುಗಿಯರ ಗುಂಪು ತಡೆಯಲಾರದೆ ಗೊಳ್ಳೆಂದಿತು.

"ಏನಾಯ್ತು?" ಅಂತ ರೀಮ್ ಕಡೆ ತಿರುಗಿದೆ. ಅವಳು ಪ್ಲಾಸ್ಟರ್ ಹಾಕಿದ ಕೈಯಲ್ಲೇ ಹಣೆ ಚಚ್ಚಿಕೊಂಡು ಪಿಸುಗುಟ್ಟಿದಳು, "ಪಲ್ಲವಿ, ಪೇಟೆ ಅರಬ್ಬಿಯಲ್ಲಿ ಕಲ್ಬ್ ಅಂದ್ರೆ ನಾಯಿ. ನೀನು ಅವರಿಗೆ 'ನೀನು ನನ್ನ ನಾಯಿ' ಅಂದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆಯವರ ಮನೆಗೆ ಹೆಣ್ಣು ಕೇಳಲು ಬಂದು ಮನೆಯ ಹಿರಿಯಳನ್ನು ನಾಯಿ ಅಂದಿದ್ದೆ. ಅದೂ ಎದೆಮುಟ್ಟಿಕೊಂಡು. "ಸಾರಿ, ಸಾರಿ, ಐ ಯಾಮ್ ಸೋ ಸಾರಿ" ಎಂದು ಬಡಬಡಿಸುತ್ತಿದ್ದೆ. ಸಮೀರ್‌ನ ಮುಖ ನೋಡಿದರೆ ಕಣ್ಣಲ್ಲಿ ನೀರು ಬರುವಂತಿತ್ತು. ಈ ಸಂಬಂಧ ಮುರಿದರೆ ಅದರ ಪಾಪ ನನಗೆ ಎಂದು ಗಟ್ಟಿಯಾಗಿ ಅನ್ನಿಸಿಬಿಟ್ಟಿತು.

ಆಗ ಮೂಲೆಯಿಂದ ಠಕ್ ಎಂದು ಸದ್ದಾಯಿತು. ಊರುಗೋಲು ನೆಲ ತಟ್ಟಿದ ಸದ್ದು. ಉಮ್ ಖಲೀಲ್ ಎದ್ದು ನಿಂತಿದ್ದರು.

ಅವರು ಮಾತಾಡತೊಡಗಿದರು. ಅಹ್ವೆ ಗಿಹ್ವೆ ಎಲ್ಲ ಗಾಳಿಗೆ ಹಾರಿ ಹೋಗಿತ್ತು. ಶುದ್ಧ ಹಿತ್ತಲಿನ ಅರಬ್ಬಿ. ಎಲ್ಲ 'ಚ'ಗಳೂ ಒಂದೊಂದಾಗಿ ಹಜಾರದಲ್ಲಿ ಉರುಳುತ್ತಿದ್ದವು. ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು, ಉಳಿದದ್ದನ್ನು ರೀಮ್ ನನ್ನ ಕಿವಿಯಲ್ಲಿ ಹೇಳಿದಳು. "ಆ ಹುಡುಗಿಯದು ತಪ್ಪಿಲ್ಲ. ಅವಳ ಮೇಷ್ಟ್ರು ನಾನು. ನಮ್ಮೂರಲ್ಲಿ ಹೃದಯಕ್ಕೆ ಕಲ್ಬ್ ಅಂತೀವಿ, ನಾಯಿಗೆ ಚಲ್ಬ್ ಅಂತೀವಿ. ನನ್ನ ತಾಯಿ ಹಾಗೆ ಅಂದಳು, ಅವಳ ತಾಯಿಯೂ ಹಾಗೇ ಅಂದಳು. ಅವಳು ನಮ್ಮ ಜಾತಿಯಲ್ಲ, ನಮ್ಮ ದೇಶದವಳಲ್ಲ. ನನ್ನ ಮುರುಕು ಮನೆಮಾತನ್ನ ಕಲಿತು, ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದು, ನೀವು ನನ್ನ ಹೃದಯ ಅಂತ ನಿಮಗೆ ಹೇಳಿದಾಳೆ. ನಗೋರು ನನ್ನ ನೋಡಿ ನಗಿ. ಅವಳನ್ನ ನೋಡಿ ನಗಬೇಡಿ."

ಹುಡುಗಿಯರು ತಲೆ ತಗ್ಗಿಸಿದರು. ಉಮ್ ಖಲೀಲ್ ನಿಂತೇ ಇದ್ದರು. ಯಾವ ನಾಲಿಗೆಯನ್ನು ಅಡಗಿಸಿಡಲು ಅಷ್ಟೆಲ್ಲ ಹಟ ಹಿಡಿದಿದ್ದರೋ ಅದನ್ನು ನನಗಾಗಿ ಎಲ್ಲರೆದುರು ಬಿಚ್ಚಿಟ್ಟಿದ್ದರು.

ತೇತಾ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು. ಅವರು ನನ್ನನ್ನು ದಾಟಿಕೊಂಡು ನೇರ ಉಮ್ ಖಲೀಲ್ ಎದುರು ಹೋಗಿ ನಿಂತರು. ಒಂದೇ ಒಂದು ಪ್ರಶ್ನೆ ಕೇಳಿದರು, "ಹುಂಜಕ್ಕೆ ನಿಮ್ಮೂರಲ್ಲಿ ಏನಂತೀರಿ?"

"ದೀಚ್" ಅಂದರು ಉಮ್ ಖಲೀಲ್, ಜಗಳಕ್ಕೆ ನಿಂತವರಂತೆ.

"ದೀಚ್!" ಎಂದು ತೇತಾ ಪುನರುಚ್ಚರಿಸಿ ನಕ್ಕರು. ಅಣಕದ ನಗುವಲ್ಲ. ಮಗುವಿನ ಕೈಗೆ ಮರೆತುಹೋದ ಆಟಿಕೆ ಸಿಕ್ಕಾಗ ನಗುತ್ತದಲ್ಲ, ಹಾಗೆ. ಆಮೇಲೆ ಅವರು ಹೇಳಿದ ಮಾತು ಅವರ ಮನೆಯವರಿಗೇ ಹೊಸದು. ಅವರು ಹುಟ್ಟಿದ್ದು ಬೈರೂತಿನಲ್ಲಲ್ಲ, ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ. 'ಕಲ್ಬ್' ಎಂದು ಉಮ್ ಖಲೀಲ್ ಹೇಳುವ ಪದದ ಮೊದಲ ಅಕ್ಷರವನ್ನು ಬೈರೂತಿನವರು ನುಂಗಿಬಿಡುತ್ತಾರೆ, ಹೃದಯಕ್ಕೆ ಬರೀ 'ಅಲ್ಬ್' ಅನ್ನುತ್ತಾರೆ. ಇವರ ಗುಡ್ಡದ ಜನ ಅದನ್ನು ನುಂಗುವುದಿಲ್ಲ, ಗಂಟಲಿನ ಬುಡದಿಂದ ಎತ್ತಿ ಆಡುತ್ತಾರೆ. ಹದಿಹರೆಯದಲ್ಲೇ ಮದುವೆಯಾಗಿ ಪಟ್ಟಣಕ್ಕೆ ಬಂದಾಗ ಅತ್ತೆ ಮನೆಯವರು "ಕಾಗೆ ಕೂಗಿತು" ಎಂದು ನಗುತ್ತಿದ್ದರಂತೆ. ಅಡುಗೆಮನೆಯಲ್ಲಿ ಒಬ್ಬರೇ ನಿಂತು ನಾಲಿಗೆ ತಿದ್ದಿಕೊಂಡರಂತೆ. ಗಂಡನಿಗೂ ಆ ಹಳೆಯ ಮಾತು ಮರೆತುಹೋಯಿತು. ಮಕ್ಕಳಂತೂ ಕೇಳಿಯೇ ಇರಲಿಲ್ಲ.

"ಹೇಳಿ, ಈಗ ಹೇಳಿ. ನಾವೆಲ್ಲ ಕೇಳ್ತೀವಿ" ಅಂದರು ಉಮ್ ಖಲೀಲ್, ಹಿತ್ತಲಲ್ಲಿ ನನಗೆ ಹೇಳಿಸುವ ಅದೇ ಧಾಟಿಯಲ್ಲಿ. ಊರುಗೋಲಿನಿಂದ ನೆಲವನ್ನೂ ತಟ್ಟಿದರು.

ತೇತಾ ಒಮ್ಮೆ ಸುತ್ತ ನೋಡಿದರು. ಮುತ್ತಿನ ಸರ ಸರಿಮಾಡಿಕೊಂಡರು. ಆಮೇಲೆ ಉಮ್ ಖಲೀಲ್‌ರ ಎದೆಯ ಕಸೂತಿಯ ಮೇಲೆ ಕೈಯಿಟ್ಟು, ಆಳವಾದ ಬಾವಿಯಿಂದ ಕೊಡ ಎಳೆಯುವಂತಹ ಒಂದು ಶಬ್ದದೊಂದಿಗೆ, ತಮ್ಮೂರಿನ ಹೃದಯವನ್ನು ಹೇಳಿದರು. ಆ ಶಬ್ದವನ್ನು ಕನ್ನಡದಲ್ಲಿ ಬರೆಯಲು ನನ್ನಿಂದಾಗದು. ನಮ್ಮಲ್ಲಿ ಅಂಥ ಅಕ್ಷರವೇ ಇಲ್ಲ.

"ತೇತಾ!" ಎಂದು ನೂರ್ ಓಡಿಬಂದು ಅವರ ತೋಳು ಹಿಡಿದಳು. "ಇದನ್ನ ನಂಗೆ ಯಾಕೆ ಯಾವತ್ತೂ ಹೇಳಲಿಲ್ಲ? ಇನ್ನೊಂದ್ ಸಲ ಹೇಳಿ, ಪ್ಲೀಸ್." ಅಜ್ಜಿ ಇನ್ನೊಮ್ಮೆ ಹೇಳಿದರು. ಈ ಸಲ ಇನ್ನೂ ಗಟ್ಟಿಯಾಗಿ. ಮನೆಯವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಒಬ್ಬ ಚಿಕ್ಕಪ್ಪ ತಮ್ಮ ಅಜ್ಜನೂ ಹೀಗೇ ಅನ್ನುತ್ತಿದ್ದ ಎಂದರು, ಇನ್ನೊಬ್ಬರು ಇಲ್ಲವೆಂದರು. ಅಲ್ಲಿಗೆ ಹಜಾರ ಸಂತೆಯಾಯಿತು.

ಖಲೀಲ್ ಪಾಪ, ತಮ್ಮ ಸಿದ್ಧ ಭಾಷಣ ಹಿಡಿದುಕೊಂಡು ಮತ್ತೆ ಗಂಟಲು ಸರಿಮಾಡಿಕೊಂಡರು. ತೇತಾ ಕೈ ಎತ್ತಿ ತಡೆದರು. "ನೀನು ಕೂತ್ಕೋ, ಮಗ. ನನ್ನ ಮೊಮ್ಮಗಳನ್ನ ಕೇಳೋದಾದರೆ ನಿನ್ನ ತಾಯಿ ಕೇಳಬೇಕು. ಅದೂ ಅವರೂರಿನ ಮಾತಲ್ಲಿ ಕೇಳಬೇಕು. ಇಲ್ಲದಿದ್ದರೆ ಈ ಕಾಫಿ ಹೀಗೇ ಇರಲಿ."

ಉಮ್ ಖಲೀಲ್ ಮೊಮ್ಮಗನ ಕಡೆ ನೋಡಿದರು. ಸಮೀರ್ ಎರಡೂ ಕೈ ಜೋಡಿಸಿದ. ಆಮೇಲೆ ಅವರು ಮಾತಾಡಿದ್ದು ಐದು ನಿಮಿಷವೋ ಹತ್ತು ನಿಮಿಷವೋ, ನನಗೆ ತಿಳಿಯಲಿಲ್ಲ. ರೀಮ್ ಅನುವಾದ ಮಾಡುವುದನ್ನು ನಡುವೆಯೇ ನಿಲ್ಲಿಸಿಬಿಟ್ಟಳು. ಉಳಿದದ್ದನ್ನು ಅವಳು ಆಮೇಲೆ ಹೇಳಿದ್ದು. ಸಮೀರ್ ಹುಟ್ಟಿದಾಗ ಎಷ್ಟು ಸಣ್ಣವನಿದ್ದ, ಎಷ್ಟು ಅಳುತ್ತಿದ್ದ, ಅಜ್ಜಿಯ ಯಾವ ಹಾಡಿಗೆ ಸುಮ್ಮನಾಗುತ್ತಿದ್ದ ಎಂದೆಲ್ಲ ಹೇಳಿದರಂತೆ. ಕೊನೆಯಲ್ಲಿ ನೂರ್ ಕಡೆ ತಿರುಗಿ "ನನಗೆ ಕೊಡೋಕೆ ಬಂಗಾರ ಇಲ್ಲ. ಹಿತ್ತಲಲ್ಲಿ ಪುದೀನ ಇದೆ. ನಿನಗೆ ಸೊಸೆ ಅನ್ನಲ್ಲ, ಯಮ್ಮಾ ಅಂತೀನಿ. ಬರ್ತೀಯಾ?" ಎಂದು ಕೇಳಿದರು.

ನೂರ್ ಹಿರಿಯರ ಉತ್ತರಕ್ಕೂ ಕಾಯಲಿಲ್ಲ. "ಬರ್ತೀನಿ" ಅಂದುಬಿಟ್ಟಳು. ಅವಳ ತಂದೆ "ನಮ್ಮನ್ನ ಕೇಳಬೇಕಮ್ಮಾ, ನಿನ್ನನ್ನಲ್ಲ" ಎಂದು ನಕ್ಕರು. ತೇತಾ ತಮ್ಮ ಕೈಯಾರೆ ಬಟ್ಟಲೆತ್ತಿ ಉಮ್ ಖಲೀಲ್ ಕೈಗೆ ಕೊಟ್ಟರು. ಅಷ್ಟರಲ್ಲಿ ಹೆಂಗಸರು ಶುಭಕ್ಕೆಂದು ನಾಲಿಗೆ ಆಡಿಸಿ ಲುಲುಲು ಎಂದು ಉಲಿಯತೊಡಗಿದರು. ಕಿವಿ ಗುಂಯ್‌ಗುಟ್ಟಿತು. ನಾನೂ ಬಟ್ಟಲೆತ್ತಿದೆ. ಕಾಫಿ ತಣ್ಣಗೆ ಕೊರೆಯುತ್ತಿತ್ತು, ಏಲಕ್ಕಿ ಘಮ ಮಾತ್ರ ಉಳಿದಿತ್ತು. ಅಷ್ಟು ರುಚಿಯಾದ ಕಾಫಿ ನಾನು ಮೈಸೂರಿನಲ್ಲೂ ಕುಡಿದಿಲ್ಲ ಎಂದರೆ ನಮ್ಮಮ್ಮ ಬೇಸರ ಮಾಡಿಕೊಂಡಾಳು.

ನಾನು ಹೊರಡುವಾಗ, ವಿಡಿಯೋದಲ್ಲಿ ನಕ್ಕಿದ್ದ ಹುಡುಗಿಯರು ಉಮ್ ಖಲೀಲ್ ಸುತ್ತ ಕೂತಿದ್ದರು. ಹಸುವಿಗೆ ಏನಂತೀರಿ, ಎಷ್ಟು ಅನ್ನೋದಕ್ಕೆ ಏನಂತೀರಿ ಎಂದು ಕೇಳಿ ಕೇಳಿ ಹೇಳಿಸುತ್ತಿದ್ದರು. ತಪ್ಪು ಹೇಳಿದವರಿಗೆ ಊರುಗೋಲಿನ ಠಕ್. ತೇತಾ ಬಾಗಿಲವರೆಗೆ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಇಂಗ್ಲಿಷಿನಲ್ಲಿ ಹೇಳಿದರು, "ನನ್ನ ಜೀವಮಾನದಲ್ಲಿ ನನ್ನನ್ನು ಇಷ್ಟು ಪ್ರೀತಿಯಿಂದ ಯಾರೂ ನಾಯಿ ಎಂದಿರಲಿಲ್ಲ."

ಲಿವೋನಿಯಾ ತಲುಪಿ ಅತ್ತಿಗೆಯ ಮುಂದೆ ಎಲ್ಲವನ್ನೂ ಹೇಳುವಾಗ ನಗು, ಅಳು ಎರಡೂ ಒಟ್ಟಿಗೇ ಬಂತು. ಅತ್ತಿಗೆ ಮೆಂತ್ಯದ ಹಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದು ನಿಂತವರು "ಅಯ್ಯ ನಮ್ಮವ್ವಾ! ಮದಿವಿ ಕೆಡಿಸ್ಲಿಕ್ಕೆ ಹೋಗಿ ಮಾಡಿಸಿ ಬಂದೀಯಲ್ಲ!" ಎಂದು ಕುರ್ಚಿಯ ಮೇಲೆ ಕುಸಿದು ನಕ್ಕರು. ಫೋನಿನಲ್ಲಿ ಮನೆಯವರಿಗೂ ಅವರೇ ಹೇಳಿದರು. ನಮ್ಮ ಮನೆಯವರಂತೂ ಒಂದು ವಾರ ನನ್ನನ್ನು ಮಾತಿಗೆ ಮುಂಚೆ "ಕಲ್ಬಿ" ಎಂದೇ ಕರೆದರು. ಯಾವ ಊರಿನ ಅರ್ಥದಲ್ಲಿ ಎಂದು ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ.

ಮದುವೆ ಆ ಶರತ್ಕಾಲದಲ್ಲೇ ಆಯಿತು. ನಾವು ಮೂವರೂ ಹೋಗಿದ್ದೆವು. ಮದುವೆಯ ಊಟದ ಹೊತ್ತಿಗೆ ಅಜ್ಜಿಯರಿಬ್ಬರ ಕೈಗೂ ಮೈಕ್ ಕೊಟ್ಟರು, ಒಂದೆರಡು ಮಾತು ಆಶೀರ್ವಾದ ಹೇಳಲಿ ಎಂದು. ಉಮ್ ಖಲೀಲ್ ತಮ್ಮೂರಿನ ಮದುವೆ ಹಾಡು ಎತ್ತಿಕೊಂಡರು, ತೇತಾ ತಮ್ಮ ಗುಡ್ಡದ ಹಾಡಿನಿಂದ ಉತ್ತರ ಕೊಟ್ಟರು. ಅದಕ್ಕೆ ಇವರು, ಇವರಿಗೆ ಅವರು. ಊಟ ಮುಗಿದರೂ ಮುಗಿಯಲಿಲ್ಲ. ಸಂಗೀತದವನು ಬಂದು ಮೈಕ್ ಕೇಳಿದರೆ ಉಮ್ ಖಲೀಲ್ ಅದನ್ನು ಕಂಕುಳಲ್ಲಿ ಇರುಕಿಕೊಂಡು ಊರುಗೋಲು ತೋರಿಸಿದರು.

ನನಗೆ ಈಗಲೂ ಆ ಹಜಾರದ ಮೌನ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಮರುಕ್ಷಣವೇ ನಗು ಬರುತ್ತದೆ. ಅವತ್ತು ರೆಸ್ಟ್ ಏರಿಯಾದಲ್ಲಿ ರೀಮ್ ನನಗೆ ಕಲ್ಬಿಯ ಬಗ್ಗೆಯೂ ಎಚ್ಚರಿಕೆ ಹೇಳಿ, ನಾನು ತಪ್ಪಿಲ್ಲದ ಪೇಟೆ ಮಾತು ಆಡಿದ್ದರೆ ತೇತಾ ಮೆಚ್ಚಿ ತಲೆದೂಗುತ್ತಿದ್ದರು, ಅಷ್ಟೇ. ಇಬ್ಬರು ಅಜ್ಜಿಯರು ತಮ್ಮ ತಮ್ಮ ನಾಲಿಗೆ ಕಟ್ಟಿಕೊಂಡೇ ಎದುರುಬದುರು ಕೂತು ಎದ್ದು ಹೋಗುತ್ತಿದ್ದರು. ಅದನ್ನು ಯೋಚಿಸಿದಾಗೆಲ್ಲ ಆ ತಪ್ಪು ನನ್ನ ಬಾಯಿಂದಲೇ ಬಂತಲ್ಲ ಎಂದು ಹಿಗ್ಗಾಗುತ್ತದೆ. ಈ ವರ್ಷ ಉಮ್ ಖಲೀಲ್ ನನಗೆ ಆ ಮದುವೆ ಹಾಡು ಕಲಿಸುತ್ತಿದ್ದಾರೆ. ಅರ್ಥ ಕೇಳಿದರೆ ಮೊದಲು ಹಾಡು, ಅರ್ಥ ಆಮೇಲೆ ಅನ್ನುತ್ತಾರೆ. ಏನು ಹಾಡುತ್ತಿದ್ದೇನೋ ದೇವರಿಗೇ ಗೊತ್ತು, ಹಾಡುತ್ತಿದ್ದೇನೆ.